ಕಾಲರ್ ಹದಿನಾಲ್ಕೂವರೆ

ಟೇಪಕ್ಕ ಟೇಪು ಹಿಡಿಯುತ್ತಿರಲಿಲ್ಲ. ಇದ್ದ ಒಂದು ಟೇಪನ್ನು, ಅಂಗಡಿಯ ಕಿಟಕಿ ಗಾಳಿಗೆ ಬಡಿದುಕೊಳ್ಳದಂತೆ ಕಟ್ಟಿಹಾಕಲು ಬಳಸಿ ಹದಿನೈದು ವರ್ಷವಾಗಿತ್ತು. ಗಿರಾಕಿ ಹೊಸ್ತಿಲು ದಾಟುವಷ್ಟರಲ್ಲಿ ಆಕೆ ಮೇಲಿನಿಂದ ಕೆಳಗೆ ಒಂದು ಸಲ ನೋಡಿ ಭುಜ ಹದಿನೇಳು, ಎದೆ ನಲವತ್ತು, ಸೊಂಟ ಮೂವತ್ತಾರು ಎಂದು ಚೀಟಿಯಲ್ಲಿ ಗೀಚಿಯಾಗಿರುತ್ತಿತ್ತು. ಸೊಂಟ ಮೂವತ್ತನಾಲ್ಕೇ ಎಂದು ವಾದಕ್ಕೆ ಬಿದ್ದವರೂ ಇದ್ದರು. ಅಂಥವರಿಗೆ ಅವರು ಹೇಳಿದ ಮೂವತ್ತನಾಲ್ಕಕ್ಕೇ ಹೊಲಿದು ಕೊಡುತ್ತಿದ್ದಳು. ವಾರದೊಳಗೆ ಅವರೇ ಪ್ಯಾಂಟು ಮಡಚಿಕೊಂಡು, ತುಟಿ ಬಿಚ್ಚದೆ, ವಾಪಸು ಬರುತ್ತಿದ್ದರು.

ಅಂಗಡಿ ಎಂದರೆ ಒಂದು ಬಾಗಿಲು, ಒಂದು ಕಿಟಕಿ, ಎರಡು ಹೊಲಿಗೆ ಮಿಷನ್ನು, ಒಂದು ಇಸ್ತ್ರಿ ಮೇಜು. ಎಡಕ್ಕೆ ಬೀಗದ ಕೈ ಮಾಡುವವನ ಗೂಡು, ಬಲಕ್ಕೆ ಜೆರಾಕ್ಸ್ ಅಂಗಡಿ. ಜೊತೆಗಿದ್ದವಳು ನಾದಿನಿ, ಅಂದರೆ ತೀರಿಹೋದ ಗಂಡನ ತಂಗಿ. ಮದುವೆಯಾಗದವಳು, ಐವತ್ತಕ್ಕೆ ಹತ್ತಿರವಾದವಳು, ಚರ್ಚಿನ ಸಭೆಯ ಸ್ತ್ರೀಸಂಘದ ಅಧ್ಯಕ್ಷೆ. ಕತ್ತರಿ ಮತ್ತು ಹೊಲಿಗೆ ಟೇಪಕ್ಕನದು, ಕಾಜಾ, ಗುಂಡಿ, ಇಸ್ತ್ರಿ ನಾದಿನಿಯದು. ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಇಬ್ಬರದೇ ಸಂಸಾರ. ಇಪ್ಪತ್ತಾರು ವರ್ಷ ಒಂದೇ ಒಲೆಯಲ್ಲಿ ಬೇಯಿಸಿ ತಿಂದವರು. ಜಗಳವಾದ ದಿನ ನಾದಿನಿ ಪ್ರಾರ್ಥನೆಯಲ್ಲಿ ಅತ್ತಿಗೆಯ ತಪ್ಪುಗಳನ್ನೆಲ್ಲ ಗಟ್ಟಿಯಾಗಿ, ಒಂದೂ ಬಿಡದೆ, ಕರ್ತನಿಗೆ ಒಪ್ಪಿಸುತ್ತಿದ್ದಳು. ಅತ್ತಿಗೆ ಆಮೆನ್ ಅನ್ನುತ್ತಿದ್ದಳು. ಅಲ್ಲಿಗೆ ಜಗಳ ಮುಗಿಯುತ್ತಿತ್ತು.

ಆ ವರ್ಷ ಸಭೆಯ ಪಾದ್ರಿ ಅಯ್ಯನವರು ಕೃಪಾವರಗಳ ಮೇಲೆ ಐದು ಭಾನುವಾರ ಪ್ರಸಂಗ ಮಾಡಿದರು. ದೇವರು ವರ ಕೊಡದೆ ಯಾರನ್ನೂ ಭೂಮಿಗೆ ಕಳಿಸಿಲ್ಲ, ಕೊಟ್ಟದ್ದನ್ನು ಬೀರುವಿನಲ್ಲಿಟ್ಟು ಬೀಗ ಹಾಕುವುದು ಪಾಪ ಎಂದರು. ಐದನೆಯ ಭಾನುವಾರ ಹಿಂದಿನ ಗೋಡೆಗೆ ಒಂದು ದೊಡ್ಡ ಹಾಳೆ ಅಂಟಿಸಲಾಯಿತು. ಒಂದು ಕಡೆ ಹೆಸರು, ಇನ್ನೊಂದು ಕಡೆ ವರ. ಜನ ಮುಗಿಬಿದ್ದರು. ಹಾಡುವುದು, ಪ್ರಾರ್ಥಿಸುವುದು, ಅತಿಥಿಸತ್ಕಾರ, ಮಕ್ಕಳಿಗೆ ಪಾಠ. ಬೀಗದ ಕೈಯವನು ತನಗೆ ಸಹನೆಯ ವರವಿದೆ ಎಂದು ಬರೆದ. ಅವನ ಹೆಂಡತಿ ಅದನ್ನು ಓದಿ, ಅದೇ ಪೆನ್ನು ಇಸಿದುಕೊಂಡು ಕೆಳಗಿನ ಸಾಲಿನಲ್ಲಿ ತನಗೂ ಅದೇ ವರ, ಅವನಿಗಿಂತ ಮೊದಲಿನಿಂದ, ಎಂದು ಬರೆದಳು.

ಟೇಪಕ್ಕ ಹಾಳೆಯ ಮುಂದೆ ತುಂಬ ಹೊತ್ತು ನಿಂತು, ಬರೆಯದೆ ಮನೆಗೆ ಬಂದಳು. ನೋಡಿದರೆ ಅಳತೆ ಗೊತ್ತಾಗುತ್ತದೆ ಎನ್ನುವುದು ಹೊಟ್ಟೆಪಾಡಿನ ವಿದ್ಯೆ. ಅದರಲ್ಲಿ ದೇವರಿಗೇನು ಲಾಭ ಎಂದು ಆಕೆಗೆ ಹೊಳೆಯಲಿಲ್ಲ. ಆದರೆ ಬೀರುವಿನ ಮಾತು ಮನಸ್ಸಿಗೆ ಚುಚ್ಚಿತ್ತು. ಸುಮ್ಮನೆ ಕೂರುವ ಜಾತಿಯೂ ಆಕೆಯದಲ್ಲ.

ಮೊದಲು ಗಾಯಕರ ಸಾಲಿಗೆ ಸೇರಿದಳು. ಎರಡನೆಯ ಅಭ್ಯಾಸದ ದಿನ ಗಾಯಕರ ಮುಖ್ಯಸ್ಥ ತುಂಬ ಮರ್ಯಾದೆಯಿಂದ, ಅಕ್ಕಾ ನೀವು ಬಾಯಿ ಆಡಿಸಿದರೆ ಸಾಕು, ದೇವರು ಹೃದಯ ನೋಡುತ್ತಾನೆ ಎಂದ. ಆಮೇಲೆ ಮಕ್ಕಳ ಪಾಠಕ್ಕೆ ಹೋದಳು. ಅಲ್ಲಿ ಸೃಷ್ಟಿಯ ಕತೆ ಹೇಳುತ್ತ, ಆದಾಮನಿಗೆ ದೇವರು ಚರ್ಮದ ಅಂಗಿ ಮಾಡಿಕೊಟ್ಟ ಭಾಗಕ್ಕೆ ಬಂದು, ಚರ್ಮ ಹೊಲಿಯಲು ಎಂಥ ಸೂಜಿ ಬೇಕು, ಹೊಲಿಗೆ ಎಷ್ಟು ಬಿಡಬೇಕು ಎಂದು ಒಂದು ಗಂಟೆ ವಿವರಿಸಿದಳು. ಮಕ್ಕಳಿಗೆ ಬಹಳ ಇಷ್ಟವಾಯಿತು. ಪಾಪ ಹೇಗೆ ಬಂತು ಎಂಬುದು ಮಾತ್ರ ಆ ತರಗತಿಗೆ ಇವತ್ತಿಗೂ ಗೊತ್ತಿಲ್ಲ.

ಕೊನೆಗೆ ಬಾಗಿಲಲ್ಲಿ ನಿಂತು ಬರುವವರನ್ನು ಸ್ವಾಗತಿಸುವ ಸೇವೆ ಸಿಕ್ಕಿತು. ಕೈ ಮುಗಿದು ಸ್ತೋತ್ರ ಎನ್ನಬೇಕು, ಹಾಡಿನ ಪುಸ್ತಕ ಕೊಡಬೇಕು, ಅಷ್ಟೇ. ಮೊದಲ ಭಾನುವಾರ ಚೆನ್ನಾಗಿಯೇ ಹೋಯಿತು. ಎರಡನೆಯ ಭಾನುವಾರ ಸಭೆಯ ಕಾರ್ಯದರ್ಶಿಯ ಹೆಂಡತಿ ಹೊಸ ಗೌನು ತೊಟ್ಟು ಬಂದಳು. "ಸ್ತೋತ್ರ. ಎರಡೂಕಾಲು ಇಂಚು ಜಾಸ್ತಿ ಆಗಿದ್ದೀರಿ, ಪಕ್ಕದ ಹೊಲಿಗೆ ತಡೆಯಲ್ಲ, ಕೂತ್ಕೊಳ್ಳುವಾಗ ಹುಷಾರು," ಎಂದು ಟೇಪಕ್ಕ ಪುಸ್ತಕ ಕೊಟ್ಟಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಎರಡನೆಯ ಹಾಡು ಮುಗಿದು ಎಲ್ಲರೂ ಕೂತಾಗ ಹೊಲಿಗೆ ಬಿಟ್ಟ ಸದ್ದು ಮೂರು ಸಾಲಿನವರೆಗೆ ಕೇಳಿಸಿತು.

ಆರಾಧನೆ ಮುಗಿದ ಮೇಲೆ ಅಯ್ಯನವರು ಟೇಪಕ್ಕನನ್ನು ಒಳಕೋಣೆಗೆ ಕರೆದರು. ಐವತ್ತೆರಡರ ಮನುಷ್ಯ, ದೊಡ್ಡ ದನಿ, ಬೈಯುವಾಗಲೂ ಕುರ್ಚಿ ಎಳೆದು ಕೂರಿಸಿ ಬೈಯುವವರು.

"ಅಕ್ಕಾ, ನಿಮ್ಮ ಕಣ್ಣು ಅಂಗಡಿಗೆ ಸರಿ. ಸಭೆಯೊಳಗೆ ಬೇಡ. ಬಾಗಿಲ ಸೇವೆ ಬೇರೆಯವರು ಮಾಡಲಿ. ಇಲ್ಲಿ ಕಂಡಿದ್ದನ್ನ ಬಾಯಿಗೆ ತರಲ್ಲ ಅಂತ ಕರ್ತನ ಮುಂದೆ ಒಂದು ಮಾತು ಕೊಡಿ."

"ಕೊಟ್ಟೆ," ಅಂದಳು ಟೇಪಕ್ಕ. ಕಾಲರ್ ಹದಿನೈದೂವರೆ, ಭುಜ ಹದಿನೆಂಟು, ಎಂದು ಅದೇ ಹೊತ್ತಿಗೆ ಅವರದನ್ನೂ ಓದಿಕೊಂಡಿದ್ದಳು. ಓದಬಾರದು ಎಂದು ಅವರೇನೂ ಹೇಳಿರಲಿಲ್ಲ.

ಮೂರು ತಿಂಗಳು ಕಳೆಯಿತು. ಅಯ್ಯನವರು ಸಣ್ಣಗಾಗತೊಡಗಿದರು.

ಅದನ್ನು ಎಲ್ಲರೂ ನೋಡಿದರು. ನೋಡಿ ಸಂತೋಷಪಟ್ಟರು. ಸಭೆಯ ಮಾಡು ಸೋರುತ್ತಿತ್ತು, ಹೊಸ ಮಾಡಿಗಾಗಿ ಪ್ರಾರ್ಥನೆ ನಡೆಯುತ್ತಿತ್ತು, ಆದ್ದರಿಂದ ಅಯ್ಯನವರು ಗುಟ್ಟಾಗಿ ಉಪವಾಸ ಹಿಡಿದಿದ್ದಾರೆ ಎಂದು ಯಾರೋ ಅಂದರು, ಉಳಿದವರು ಒಪ್ಪಿದರು. ಅಯ್ಯನವರು ಇಲ್ಲಪ್ಪಾ, ನಾನು ಉಪವಾಸ ಗಿಪವಾಸ ಏನೂ ಮಾಡುತ್ತಿಲ್ಲ ಎಂದರು. ಉಪವಾಸ ಮಾಡುವವನು ಅದನ್ನು ಹೇಳಿಕೊಂಡು ತಿರುಗಬಾರದು ಎಂದು ಅವರೇ ಕಲಿಸಿದ್ದರಿಂದ, ಇಲ್ಲ ಎಂದದ್ದೇ ಸಾಕ್ಷಿಯಾಯಿತು. ಇನ್ನೊಂದು ಸಲ ಗಟ್ಟಿಯಾಗಿ ಇಲ್ಲ ಎಂದರು. ಎಂಥ ದೀನತೆ ಎಂದು ಸ್ತ್ರೀಸಂಘ ಕಣ್ಣೀರು ಒರೆಸಿಕೊಂಡಿತು. ಆಮೇಲೆ ಅವರು ಇಲ್ಲ ಅನ್ನುವುದನ್ನು ಬಿಟ್ಟರು. ಸಭೆಯಲ್ಲಿ ಒಬ್ಬ ಡಾಕ್ಟರೂ ಇದ್ದ, ಮುಂದಿನ ಸಾಲಿನಲ್ಲೇ ಕೂರುತ್ತಿದ್ದ. ಉಪವಾಸದಿಂದ ಅಯ್ಯನವರ ಮುಖಕ್ಕೆ ಒಂದು ತೇಜಸ್ಸು ಬಂದಿದೆ ಎಂದು ಅವನು ಹೇಳಿದ. ಅವನು ಹಲ್ಲಿನ ಡಾಕ್ಟರು.

ಟೇಪಕ್ಕ ಎಂದಿನಂತೆ ಏಳನೆಯ ಸಾಲಿನಲ್ಲಿ ಕೂತಿದ್ದಳು. ಮೊದಲ ಸಲ ನೋಡಿದಾಗ ಕಾಲರಿನೊಳಗೆ ಒಂದು ಬೆರಳು ಹೋಗುವಷ್ಟು ಜಾಗವಿತ್ತು. ಮೂರು ವಾರ ಬಿಟ್ಟು ಎರಡು ಬೆರಳು. ಭುಜದ ಹೊಲಿಗೆ ತೋಳಿಗೆ ಜಾರುತ್ತಿತ್ತು. ಪ್ರಸಂಗದ ನಡುವೆ ಅವರು ಒಂದು ಸಲ ಪಕ್ಕಕ್ಕೆ ತಿರುಗಿದರು. ಟೇಪಕ್ಕನ ಕಣ್ಣು ಅವರ ಪಕ್ಕೆಲುಬಿನ ಕೆಳಗೆ ನಿಂತಿತು. ಕೈಯಲ್ಲಿದ್ದ ಹಾಡಿನ ಪುಸ್ತಕ ಕೆಳಗೆ ಬಿತ್ತು. ಪಕ್ಕದಲ್ಲಿದ್ದ ನಾದಿನಿ ಎತ್ತಿಕೊಟ್ಟು, ನಿದ್ದೆ ಮಾಡ್ತಿದ್ದೀಯಾ ಎಂದು ಕಣ್ಣಲ್ಲೇ ಗದರಿದಳು.

ಟೇಪಕ್ಕ ನಿದ್ದೆ ಮಾಡಿರಲಿಲ್ಲ. ಈ ಸಣ್ಣಗಾಗುವ ಬಗೆಯನ್ನು ಆಕೆ ಹಿಂದೆ ನೋಡಿದ್ದಳು, ಏಳು ವರ್ಷದ ಹಿಂದೆ, ತನ್ನ ಮನೆಯಲ್ಲಿ.

ಗಂಡನದು ಕಾಲರ್ ಹದಿನಾರು. ಒಂದು ದಿನ ಹದಿನೈದೂ ಮುಕ್ಕಾಲು ಕಂಡಿತು. ಅವನೇ ನಗುತ್ತ, "ಸೈಡ್ ಹಿಡಿದು ಕೊಡೆ, ಮತ್ತೆ ಮದುವೆ ಗಂಡಿನ ಥರ ಆಗಿದ್ದೀನಿ," ಅಂದ. ಹಿಡಿದು ಕೊಟ್ಟಳು. ಮುಂದಿನ ತಿಂಗಳು ಮತ್ತೆ ಹಿಡಿದಳು. ಐದು ತಿಂಗಳಲ್ಲಿ ನಾಲ್ಕು ಸಲ. ಒಂದೊಂದು ಸಲವೂ ಅಂಕಿ ಕಣ್ಣಿಗೆ ರಾಚುತ್ತಿತ್ತು. ಒಂದೊಂದು ಸಲವೂ ಬಾಯಿ ಬಿಟ್ಟರೆ ಅದು ನಿಜವಾಗಿಬಿಡುತ್ತದೆ ಎಂಬ ಹೆದರಿಕೆಯಲ್ಲಿ ಮಿಷನ್ನಿನ ಮೇಲೆ ತಲೆ ಬಗ್ಗಿಸುತ್ತಿದ್ದಳು. ಅಂಗಿ ಮಾತ್ರ ಅವನ ಮೈಗೆ ಅಚ್ಚುಕಟ್ಟಾಗಿ ಕೂರುತ್ತಿತ್ತು, ನೋಡಿದವರಿಗೆ ಅವನು ಸಣ್ಣಗಾದದ್ದೇ ಗೊತ್ತಾಗುತ್ತಿರಲಿಲ್ಲ. ಕೊನೆಗೆ ಒಂದು ಮಧ್ಯಾಹ್ನ ಅಂಗಡಿಯಲ್ಲೇ ಕುಸಿದ. ಹೊಟ್ಟೆಯಲ್ಲಿ ಗಡ್ಡೆ ಎಂದರು ಆಸ್ಪತ್ರೆಯವರು, ಮೊದಲೇ ಬಂದಿದ್ದರೆ ತೆಗೆಯಬಹುದಿತ್ತು ಎಂದರು. ಆ ಮಾತು ಹೇಳುವಾಗ ಕೋಣೆಯಲ್ಲಿದ್ದವಳು ಟೇಪಕ್ಕ ಒಬ್ಬಳೇ. ಹೊರಗೆ ಬಂದು ನಾದಿನಿಗೆ ಮೊದಲರ್ಧವನ್ನಷ್ಟೇ ಹೇಳಿದಳು. ಹನ್ನೊಂದು ದಿನಕ್ಕೆ ಅವನು ತೀರಿಹೋದ.

ನಾದಿನಿಗೆ ತಂದೆ ತಾಯಿ ಇರಲಿಲ್ಲ, ಎತ್ತಿ ಬೆಳೆಸಿದವನೇ ಅಣ್ಣ. ಅವಳು ಆ ಸಾವನ್ನು ನುಂಗಿಕೊಂಡದ್ದು ಒಂದೇ ಒಂದು ಮಾತಿನ ಬಲದಿಂದ. ಸಭೆಯಲ್ಲಿ ಸಾಕ್ಷಿ ಹೇಳುವ ಸರದಿ ಬಂದಾಗಲೆಲ್ಲ ಅವಳು ಎದ್ದು ನಿಂತು, "ನನ್ನ ಅಣ್ಣನನ್ನ ಕರ್ತನು ಯಾರಿಗೂ ಒಂದು ಸುಳಿವೂ ಕೊಡದೆ ಕರೆದುಕೊಂಡ. ಯಾರಿಗೂ ಗೊತ್ತಾಗಲಿಲ್ಲ. ಅದು ಆತನ ಚಿತ್ತ," ಎನ್ನುತ್ತಿದ್ದಳು. ಏಳು ವರ್ಷದಲ್ಲಿ ಟೇಪಕ್ಕ ಅದನ್ನು ಮೂವತ್ತು ಸಲವಾದರೂ ಕೇಳಿದ್ದಳು. ಪ್ರತಿಸಲವೂ ಆಮೆನ್ ಎಂದು ತಲೆ ತಗ್ಗಿಸಿದ್ದಳು.

ಈಗ ಅಯ್ಯನವರಿಗೆ ಹೇಳಿದರೆ ಸಭೆಗೆ ಗೊತ್ತಾಗುತ್ತದೆ. ಸಭೆಗೆ ಗೊತ್ತಾದರೆ ನಾದಿನಿಗೆ ಗೊತ್ತಾಗುತ್ತದೆ. ವಾರಕ್ಕೊಮ್ಮೆ ಏಳನೆಯ ಸಾಲಿನಿಂದ ನೋಡುವ ಅಯ್ಯನವರದು ಕಂಡಿತು, ಮಗ್ಗುಲಲ್ಲಿ ಮಲಗುತ್ತಿದ್ದವನದು ಕಾಣಲಿಲ್ಲವೇ ಎಂದು ಕೇಳಲು ಅವಳಿಗೆ ಸ್ತ್ರೀಸಂಘದ ಅಧ್ಯಕ್ಷೆಯಾಗುವಷ್ಟು ಬುದ್ಧಿ ಬೇಕಿರಲಿಲ್ಲ. ಆಮೇಲೆ ಆ ಮನೆಯಲ್ಲಿ ಇಬ್ಬರೂ ಒಂದೇ ಒಲೆಯ ಮುಂದೆ ಹೇಗೆ ನಿಲ್ಲುವುದು? ಲೋಕದಲ್ಲಿ ಟೇಪಕ್ಕನಿಗೆ ಉಳಿದಿದ್ದವಳು ಆ ಒಬ್ಬಳೇ.

ಅಷ್ಟು ಸಾಲದು ಎಂಬಂತೆ ಮುಂದಿನ ಮಂಗಳವಾರ ಅಯ್ಯನವರ ಹೆಂಡತಿ ಆರು ಅಂಗಿಗಳ ಗಂಟು ಹಿಡಿದು ಅಂಗಡಿಗೆ ಬಂದರು. ಅವರನ್ನು ಎಲ್ಲರೂ ಅಮ್ಮನವರು ಎನ್ನುತ್ತಿದ್ದರು.

"ಎಲ್ಲಾ ದೊಗಳೆ ಆಗಿಬಿಟ್ಟಿದೆ. ಸೈಡ್ ಹಿಡಿದು, ಕುತ್ತಿಗೆ ಗುಂಡಿ ಜರುಗಿಸಿ ಕೊಡಿ. ತಟ್ಟೆ ಮುಂದೆ ಇಟ್ರೆ ಹಸಿವಿಲ್ಲ ಅಂತಾರೆ. ಉಪವಾಸ ಅಂತ ಬಾಯಿ ಬಿಟ್ಟು ಹೇಳಬಾರದಲ್ಲ, ಅದಕ್ಕೆ ಹಾಗೆ."

"ಎಷ್ಟು ದೊಡ್ಡ ಮನಸ್ಸು," ಅಂದಳು ನಾದಿನಿ, ಗುಂಡಿಯ ಡಬ್ಬಿ ಹತ್ತಿರಕ್ಕೆ ಎಳೆದುಕೊಳ್ಳುತ್ತ.

"ಮಿಷನ್ ಕೆಟ್ಟಿದೆ," ಅಂದಳು ಟೇಪಕ್ಕ.

ಅಮ್ಮನವರು ಹೋದ ಮೇಲೆ ನಾದಿನಿ ಎರಡೂ ಮಿಷನ್ನುಗಳನ್ನು ನೋಡಿದಳು, ಅತ್ತಿಗೆಯನ್ನು ನೋಡಿದಳು. "ಯಾವುದು ಕೆಟ್ಟಿರೋದು?"

"ಎರಡೂ."

ಮಧ್ಯಾಹ್ನವೆಲ್ಲ ಟೇಪಕ್ಕ ಆ ಎರಡೂ ಮಿಷನ್ನುಗಳಲ್ಲಿ ಶಾಲೆಯ ಸಮವಸ್ತ್ರ ಹೊಲಿದಳು. ನಾದಿನಿ ಪಕ್ಕದಲ್ಲಿ ಕೂತು ಅವಕ್ಕೆ ಗುಂಡಿ ಹಚ್ಚಿದಳು. ಅಂಗಿಗಳ ಗಂಟು ಕಪಾಟಿನ ಮೇಲೆ ಕೂತಿತು. ಹತ್ತು ದಿನ ಹಾಗೆಯೇ ಕೂತಿತ್ತು.

ಆ ಹತ್ತು ದಿನ ಟೇಪಕ್ಕ ಪೆಡಲು ತುಳಿಯುತ್ತಲೇ ಪ್ರಾರ್ಥಿಸಿದಳು. ಆಕೆಯ ಪ್ರಾರ್ಥನೆಯಲ್ಲಿ ಸಂಘದವರ ಪ್ರಾರ್ಥನೆಯ ನಯ ಇರಲಿಲ್ಲ. ಕರ್ತನೇ, ಇಷ್ಟು ದೊಡ್ಡ ಸಭೆಯಲ್ಲಿ ಹೇಳೋಕೆ ನಿನಗೆ ಬೇರೆ ಯಾರೂ ಸಿಗಲಿಲ್ವಾ? ಅವರಿಗೇ ಒಂದು ಕನಸು ಬೀಳಿಸು. ಹೆಂಡತಿಗೆ ಬೀಳಿಸು. ಬೇಕಾದರೆ ಹಲ್ಲಿನ ಡಾಕ್ಟರಿಗೆ ಸ್ವಲ್ಪ ಬುದ್ಧಿ ಕೊಡು, ನಿನಗೆ ಅಸಾಧ್ಯವಾದದ್ದು ಯಾವುದೂ ಇಲ್ಲವಲ್ಲ. ಕನಸು ಯಾರಿಗೂ ಬಿದ್ದ ಹಾಗೆ ಕಾಣಲಿಲ್ಲ. ಭಾನುವಾರ ಬಂತು. ಕಾಲರ್ ಹದಿನಾಲ್ಕೂವರೆಗೆ ಇಳಿದಿತ್ತು. ಹಲ್ಲಿನ ಡಾಕ್ಟರು ಅಯ್ಯನವರ ಕೈಕುಲುಕಿ ಅಭಿನಂದಿಸಿದ.

ಗುರುವಾರ ಹನ್ನೊಂದು ಗಂಟೆಗೆ ಅಯ್ಯನವರೇ ಅಂಗಡಿಗೆ ಬಂದರು. ಬಾಗಿಲಿಗೆ ಮೂರು ಮೆಟ್ಟಿಲು. ಮೂರನ್ನು ಹತ್ತಿ ಚೌಕಟ್ಟು ಹಿಡಿದು ನಿಂತರು. ನಾದಿನಿ ಯಾರದೋ ಮದುವೆಯ ಕೋಟಿಗೆ ಇಸ್ತ್ರಿ ಮಾಡುತ್ತಿದ್ದಳು, ಸ್ತೋತ್ರ ಅಯ್ಯನವರೇ ಎಂದು ಸ್ಟೂಲು ಸರಿಸಿ ಕೊಟ್ಟಳು.

"ಅಂಗಿ ಆಯ್ತಾ ಅಕ್ಕಾ?"

"ಇಲ್ಲ."

"ಹತ್ತು ದಿನ ಆಯ್ತಲ್ಲ."

"ಆಯ್ತು."

"ಮಿಷನ್ ಕೆಟ್ಟಿದೆ ಅಂದಿದ್ರಂತೆ."

"ಸುಳ್ಳು ಹೇಳಿದ್ದೆ."

ಅಯ್ಯನವರು ನಕ್ಕರು. ನಗುವಾಗ ಕತ್ತಿನ ನರಗಳು ಎರಡು ದಾರಗಳ ಹಾಗೆ ಎದ್ದು ನಿಂತವು. ಅವನ್ನು ನೋಡಿದ್ದೇ ತಡ ಟೇಪಕ್ಕನಿಗೆ ಹೇಳದೇ ಇರಲು ಇನ್ನು ಆಗುವುದಿಲ್ಲ ಎಂದು ಗೊತ್ತಾಯಿತು. ನಾದಿನಿ ಎರಡು ಮಾರು ದೂರದಲ್ಲಿ ಇಸ್ತ್ರಿ ಪೆಟ್ಟಿಗೆ ಹಿಡಿದು ನಿಂತಿದ್ದಳು. ಅವಳನ್ನು ಏನಾದರೂ ನೆಪ ಹೇಳಿ ದಾರ ತರಲು ಕಳಿಸಬಹುದಿತ್ತು. ಆ ಯೋಚನೆ ಬಂತು, ಅಂಗಡಿಯಲ್ಲಿ ದಾರ ಮುಗಿದೂ ಇತ್ತು. ಕಳಿಸಲಿಲ್ಲ.

"ಅಯ್ಯನವರೇ, ಸಭೆಯೊಳಗೆ ಬಾಯಿ ಬಿಡಲ್ಲ ಅಂತ ಮಾತು ಕೊಟ್ಟಿದ್ದೆ. ಇದು ಅಂಗಡಿ. ನಿಮ್ಮ ಕಾಲರ್ ಹದಿನೈದೂವರೆ ಇತ್ತು, ಈಗ ಹದಿನಾಲ್ಕೂವರೆ. ಸೊಂಟ ಮೂರಿಂಚು ಇಳಿದಿದೆ. ಭುಜ ಮುಕ್ಕಾಲು. ಆದ್ರೆ ಪಕ್ಕೆಲುಬಿನ ಕೆಳಗೆ, ಬಲಗಡೆ, ಒಂದು ಕಾಲಿಂಚು ಜಾಸ್ತಿ ಆಗಿದೆ. ಸಣ್ಣ ಆಗೋ ಮನುಷ್ಯ ಒಂದೇ ಕಡೆ ದಪ್ಪ ಆಗಲ್ಲ. ಈ ಅಂಗಿಗಳಿಗೆ ನಾನು ಹೊಲಿಗೆ ಹಿಡಿಯಲ್ಲ. ಬೇರೆ ಟೈಲರ್ ಹತ್ರ ಹೋದ್ರೆ ಅವನಿಗೂ ಹೇಳಿ ಹಿಡಿಯದ ಹಾಗೆ ಮಾಡ್ತೀನಿ. ಆಸ್ಪತ್ರೆಗೆ ಹೋಗಿ."

"ಉಪವಾಸ..." ಎಂದು ನಾದಿನಿ ಬಾಯಿ ಹಾಕಿದಳು.

"ನಾನು ಉಪವಾಸ ಮಾಡ್ತಿಲ್ಲ," ಅಂದರು ಅಯ್ಯನವರು.

"ಗೊತ್ತು," ಅಂದಳು ಟೇಪಕ್ಕ.

"ಇಷ್ಟು ದಿನದಲ್ಲಿ ಅದನ್ನ ನಂಬಿದೋರು ನೀವೊಬ್ಬರೇ." ಅವರು ಸ್ಟೂಲಿನ ಮೇಲೆ ಕೂತರು. ದೊಡ್ಡ ದನಿ ಎಲ್ಲೋ ಹೋಗಿತ್ತು. "ನನಗೂ ಗೊತ್ತಿದೆ ಅಕ್ಕಾ, ಏನೋ ಸರಿಯಿಲ್ಲ ಅಂತ. ಆಸ್ಪತ್ರೆ ಗೇಟಿನ ತನಕ ಮೂರು ಸಲ ಹೋಗಿ ಹಿಂದೆ ಬಂದೆ. ಬೇರೆಯವರಿಗೆ ಪ್ರಾರ್ಥನೆ ಮಾಡೋಕೆ ಅದೇ ಗೇಟಲ್ಲಿ ಎಷ್ಟು ಸಲ ಹೋಗಿದ್ದೀನಿ, ಒಂದು ಸಲವೂ ಕಾಲು ನಡುಗಿದ್ದಿಲ್ಲ. ಹೆದರಿಕೆ ಆಯ್ತು. ಅಷ್ಟರಲ್ಲಿ ಉಪವಾಸ ಅಂದ್ರು ಇವರೆಲ್ಲ. ಒಂಥರಾ ನೆಮ್ಮದಿ ಆಯ್ತು, ಹಾಗೇ ಇರಲಿ ಅನ್ನಿಸ್ತು." ಆಮೇಲೆ ಕೇಳಿದರು. "ಆದ್ರೆ ಇದು ಕಾಯಿಲೆ ಅಂತ ನಿಮಗೆ ಹೇಗೆ ಗೊತ್ತಾಯ್ತು?"

ಟೇಪಕ್ಕ ಕಾಯುತ್ತಿದ್ದ ಪ್ರಶ್ನೆ ಅದೇ. ಕೇಳದಿರಲಿ ಎಂದು ಹತ್ತು ದಿನ ಬೇಡಿಕೊಂಡದ್ದೂ ಅದನ್ನೇ. ಆಕೆ ನಾದಿನಿಯ ಕಡೆ ನೋಡಲಿಲ್ಲ.

"ಇನ್ನೊಂದು ಸಲ ನೋಡಿದ್ದೀನಿ. ಆಗ ಹೊಲಿಗೆ ಹಿಡಿದೆ."

ಅಯ್ಯನವರು ಏಳು ವರ್ಷದ ಹಿಂದೆ ಆ ಮನುಷ್ಯನನ್ನು ಮಣ್ಣು ಮಾಡಿದವರು. ಅವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಜೆರಾಕ್ಸ್ ಮಿಷನ್ನು ಗೋಡೆಯಾಚೆ ಒಂದೊಂದೇ ಹಾಳೆ ಉಗುಳುವುದು ಕೇಳಿಸುತ್ತಿತ್ತು. ಆಮೇಲೆ ಉಣ್ಣೆ ಸುಟ್ಟ ವಾಸನೆ ಬಂತು.

"ಕೋಟು ಸುಟ್ಟೋಯ್ತು," ಅಂದಳು ನಾದಿನಿ. ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ವೈರು ಕಿತ್ತು, ಮೆಟ್ಟಿಲು ಹತ್ತಿ ಮೇಲೆ ಹೋದಳು.

ಆ ಮಧ್ಯಾಹ್ನವೇ ಟೇಪಕ್ಕ ಅಂಗಡಿಯ ಬಾಗಿಲು ಎಳೆದು ಅಯ್ಯನವರ ಜೊತೆ ಆಸ್ಪತ್ರೆಗೆ ಹೋದಳು, ದಾರಿಯಲ್ಲಿ ಅಮ್ಮನವರನ್ನೂ ಆಟೋಗೆ ಹತ್ತಿಸಿಕೊಂಡು. ಗೇಟಿನ ಹತ್ತಿರ ಅಯ್ಯನವರ ನಡಿಗೆ ನಿಧಾನವಾಯಿತು. "ಕೋಟಿನವರು ಸಂಜೆ ಬರ್ತಾರೆ, ನನಗೆ ಅವರ ಹತ್ರ ಬೈಸಿಕೊಳ್ಳೋದಿದೆ, ಬೇಗ ನಡೀರಿ," ಎಂದು ಟೇಪಕ್ಕ ಮುಂದೆ ನಡೆದಳು. ಅವರು ಹಿಂದೆ ಬಂದರು. ಮೂರು ದಿನ ಪರೀಕ್ಷೆಗಳಾದವು. ಗಡ್ಡೆ ಇತ್ತು. ಆದರೆ ಚಿಕ್ಕದು, ಹರಡಿಲ್ಲ, ಕೂಡಲೇ ತೆಗೆದರೆ ಭಯವಿಲ್ಲ ಎಂದರು ಡಾಕ್ಟರು. ಅಮ್ಮನವರು ಟೇಪಕ್ಕನ ಕೈ ಹಿಡಿದು ಅತ್ತರು. ಟೇಪಕ್ಕನೂ ಅತ್ತಳು, ಸಂತೋಷಕ್ಕೆ ಅಷ್ಟು, ಏಳು ವರ್ಷದ ಹಿಂದೆ ಕೇಳಬಹುದಾಗಿದ್ದ ಮಾತು ಈಗ ಕೇಳಿದ್ದಕ್ಕೆ ಅಷ್ಟು.

ಮನೆಯಲ್ಲಿ ನಾದಿನಿ ಮಾತು ನಿಲ್ಲಿಸಿದ್ದಳು. ಪೂರ್ತಿ ನಿಲ್ಲಿಸಿದ್ದರೆ ಅದೊಂದು ಜಗಳವಾಗುತ್ತಿತ್ತು. ನಲವತ್ತು ನಂಬರಿನ ದಾರ ಎಲ್ಲಿ, ಬಿಳಿ ಗುಂಡಿ ಸಾಲದು, ಊಟ ಹಾಕಿದ್ದೀನಿ, ಇಷ್ಟು ಆಡುತ್ತಿದ್ದಳು. ಪ್ರಾರ್ಥನೆಯಲ್ಲಿ ಅತ್ತಿಗೆಯ ತಪ್ಪಿನ ಪಟ್ಟಿಯೂ ಇರಲಿಲ್ಲ. ಚುಟುಕಾಗಿ ಎರಡು ಮಾತು ಹೇಳಿ ಎದ್ದುಬಿಡುತ್ತಿದ್ದಳು. ಟೇಪಕ್ಕನಿಗೆ ಅದು ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸಿತು.

ಭಾನುವಾರ ಅಯ್ಯನವರು ಅದೇ ದೊಗಳೆ ಅಂಗಿಯಲ್ಲಿ ವೇದಿಕೆ ಹತ್ತಿದರು. ಪ್ರಸಂಗ ಇಲ್ಲ ಎಂದರು. "ನಾನು ಒಂದು ಹೊತ್ತೂ ಉಪವಾಸ ಮಾಡಿಲ್ಲ. ಕಾಯಿಲೆ. ಬುಧವಾರ ಆಪರೇಷನ್. ನೀವು ಉಪವಾಸ ಅಂದ್ರಿ, ಕೇಳೋಕೆ ಚೆನ್ನಾಗಿತ್ತು, ಸುಮ್ಮನಾದೆ. ಅದಕ್ಕೆ ಕ್ಷಮಿಸಿ. ನಮ್ಮಲ್ಲಿ ಒಬ್ಬರ ಕಣ್ಣಿಗೆ ನಿಜ ಕಂಡಿತ್ತು. ಅವರ ಬಾಯಿಗೆ ಬೀಗ ಹಾಕಿದ್ದು ನಾನೇ. ಐದು ವಾರ ವರ ವರ ಅಂತ ಕೂಗಾಡಿದೆ, ಎದುರಿಗೆ ಬಂದು ನಿಂತಾಗ ಬಾಗಿಲಿಂದ ತೆಗೆದುಹಾಕಿದೆ," ಎಂದು ಟೇಪಕ್ಕನ ಕಡೆ ಕೈ ತೋರಿಸಿದರು. ಸಭೆಯೆಲ್ಲ ಹಿಂತಿರುಗಿ ನೋಡಿತು. ಟೇಪಕ್ಕನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹಲ್ಲಿನ ಡಾಕ್ಟರು ತನ್ನ ಪಾದ ನೋಡುತ್ತಿದ್ದ.

ಆರಾಧನೆ ಮುಗಿದ ಮೇಲೆ ಯಾರೂ ಮನೆಗೆ ಹೋಗಲಿಲ್ಲ. ಮೊದಲು ಬೀಗದ ಕೈಯವನು ಬಂದು ಟೇಪಕ್ಕನ ಮುಂದೆ ನಿಂತ. ಏನಪ್ಪಾ ಎಂದಳು. ಏನಿಲ್ಲ ಅಕ್ಕಾ, ಸುಮ್ಮನೆ ಒಂದು ಸಲ ನೋಡಿ ಎಂದ. ಅವನ ಹಿಂದೆ ಅವನ ಹೆಂಡತಿ, ಅವಳ ಹಿಂದೆ ಗಾಯಕರ ಮುಖ್ಯಸ್ಥ. ಸಾಲು ಬಾಗಿಲವರೆಗೆ ಬೆಳೆಯಿತು. ಟೇಪಕ್ಕ ಒಬ್ಬೊಬ್ಬರನ್ನೂ ನೋಡಿ, ಸರಿಯಾಗಿದ್ದೀರಿ, ಸರಿಯಾಗಿದ್ದೀರಿ, ನಿಮಗೆ ಎಡಭುಜ ಇಳಿದಿದೆ ಚೀಲ ಬಲಕ್ಕೆ ಹಾಕಿ, ಎನ್ನುತ್ತ ಹೋದಳು. ಕಾರ್ಯದರ್ಶಿಯ ಹೆಂಡತಿ ಉಸಿರು ಎಳೆದು ಹಿಡಿದು ನಿಂತಳು. "ಉಸಿರು ಬಿಡಿ, ಸುಳ್ಳು ಅಳತೆ ಬರುತ್ತೆ," ಅಂದಳು ಟೇಪಕ್ಕ. ಬಿಟ್ಟಳು. "ಆರೋಗ್ಯವಾಗಿದ್ದೀರಿ." ಆ ಹೆಂಗಸಿಗೆ ಆ ಮಾತು ಇಷ್ಟವಾಯಿತೋ ಇಲ್ಲವೋ ಮುಖದಲ್ಲಿ ಗೊತ್ತಾಗಲಿಲ್ಲ.

ಸಾಲು ಕರಗಿತು. ಕೊನೆಯಲ್ಲಿ ನಾದಿನಿ ನಿಂತಿದ್ದಳು.

ಸಭಾಂಗಣದಲ್ಲಿ ಇನ್ನು ಯಾರೂ ಇರಲಿಲ್ಲ. ಟೇಪಕ್ಕ ಅವಳನ್ನು ನೋಡಲು ಕಣ್ಣೆತ್ತಿದಳು, ಎತ್ತಿದ ಕಣ್ಣು ಅಲ್ಲಿಯೇ ನಿಲ್ಲಲಿಲ್ಲ.

"ನನ್ನನ್ನ ನೋಡೋದು ಬೇಡ," ಅಂದಳು ನಾದಿನಿ. "ಒಂದು ಹೇಳು. ಅಣ್ಣಂದು ನಿನಗೆ ಯಾವಾಗ ಕಾಣಿಸ್ತು?"

"ಮೊದಲನೇ ತಿಂಗಳೇ."

"ಆಗಲೇ ಕರ್ಕೊಂಡು ಹೋಗಿದ್ರೆ?"

"ತೆಗೀಬಹುದಿತ್ತು ಅಂದ್ರು ಆಸ್ಪತ್ರೇಲಿ. ನಿನಗೆ ಅದನ್ನ ಹೇಳಲಿಲ್ಲ." ಟೇಪಕ್ಕ ಕೈಯಲ್ಲಿದ್ದ ಹಾಡಿನ ಪುಸ್ತಕ ಬೆಂಚಿನ ಮೇಲಿಟ್ಟಳು. "ನನಗೆ ಕಂಡಿತ್ತು ಕಣೆ. ದಿನಾ ಕಾಣ್ತಿತ್ತು. ಹೇಳೋಕೆ ಧೈರ್ಯ ಬರಲಿಲ್ಲ. ನಿನ್ನ ಅಣ್ಣನ್ನ ನಾನೇ ಕಳೆದೆ. ನೀನು ಯಾರಿಗೂ ಗೊತ್ತಾಗಲಿಲ್ಲ ಅಂದಾಗೆಲ್ಲ ನಾನು ಆಮೆನ್ ಅಂದೆ."

ನಾದಿನಿ ಹತ್ತಿರದ ಬೆಂಚಿನ ಮೇಲೆ ಕೂತಳು. ತನ್ನ ಬೆರಳುಗಳನ್ನೇ ನೋಡಿಕೊಂಡಳು. ಮೂವತ್ತು ವರ್ಷ ಸೂಜಿ ಹಿಡಿದು ತೋರುಬೆರಳಿನ ತುದಿ ಗಟ್ಟಿಯಾಗಿತ್ತು.

"ಅವನ ಅಂಗಿಯ ಗುಂಡಿ ಜರುಗಿಸಿದ್ದು ಯಾರು ಅತ್ತಿಗೆ?" ಎಂದಳು.

ಟೇಪಕ್ಕ ಈಗ ಅವಳನ್ನು ನೋಡಿದಳು.

"ನಾನೇ ನಾಲ್ಕು ಸಲ ಜರುಗಿಸಿದೆ. ಪ್ರತಿಸಲ ಹಳೇ ಗುಂಡಿಯ ತೂತು ಕಾಣದ ಹಾಗೆ ಉಗುರಲ್ಲಿ ಉಜ್ಜಿದೆ. ನನಗೆ ನಿನ್ನ ಥರ ಕಣ್ಣಿಲ್ಲ. ಆದ್ರೆ ನಾಲ್ಕು ಸಲ ಗುಂಡಿ ಒಳಕ್ಕೆ ಹೋದ್ರೆ ಏನರ್ಥ ಅಂತ ತಿಳಿಯೋಕೆ ಕಣ್ಣೇನು ಬೇಕು? ನೀನು ಹೇಳ್ತೀಯ ಅಂತ ಕಾಯ್ತಿದ್ದೆ. ದಿನಾ ಕಾಯ್ತಿದ್ದೆ. ನೀನು ಸುಮ್ಮನಿದ್ದೆ, ಹಾಗಾದ್ರೆ ಏನೂ ಇಲ್ಲ ಅಂದ್ಕೊಂಡು ನಾನೂ ಸುಮ್ಮನಾದೆ."

ಟೇಪಕ್ಕ ಅವಳ ಪಕ್ಕದಲ್ಲಿ ಕೂತಳು. ಏಳು ವರ್ಷ ಒಬ್ಬರಿಗೊಬ್ಬರು ಕಾಣದಂತೆ ಅತ್ತಿದ್ದ ಹೆಂಗಸರಿಬ್ಬರೂ ಖಾಲಿ ಸಭಾಂಗಣದಲ್ಲಿ ದನಿ ತೆಗೆದು ಅತ್ತರು.

ಅತ್ತು ಮುಗಿದ ಮೇಲೆ ನಾದಿನಿ ಮೂಗು ಒರೆಸಿಕೊಂಡು, ಕಣ್ಣು ಮುಚ್ಚಿ, ಕೈ ಜೋಡಿಸಿದಳು. ಪ್ರಾರ್ಥಿಸುತ್ತಾಳೆ ಎಂದು ಟೇಪಕ್ಕನೂ ತಲೆ ಬಗ್ಗಿಸಿದಳು. ಅವಳು ಅತ್ತಿಗೆಯ ತಪ್ಪನ್ನು ಗಟ್ಟಿಯಾಗಿ ಹೇಳಿದಳು, ಆಮೇಲೆ ಏಳು ವರ್ಷದಲ್ಲಿ ಮೊದಲನೆಯ ಸಲ ತನ್ನದನ್ನೂ ಹೇಳಿದಳು. ಆಮೆನ್ ಎನ್ನಲು ಟೇಪಕ್ಕನಿಗೆ ಸ್ವಲ್ಪ ಹೊತ್ತು ಹಿಡಿಯಿತು.